ಬಾಟಲಿಯಲ್ಲಿ ಮಿಕ್ಕ ಲಸಿಕೆ

ನಮ್ಮ ಯಜಮಾನರ ಎಡಗೈಯಲ್ಲಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಜಾಗದಲ್ಲಿ, ಕಡಲೆಕಾಳಿನಷ್ಟು ಒಂದು ಗಂಟಿತ್ತು. ಬಲಗೈಯಿಂದ ಅದನ್ನು ಒತ್ತುತ್ತ ಕೂರುವುದು ಅವರ ಅಭ್ಯಾಸ. ಪ್ರಯೋಗಾಲಯದವರು ಅದನ್ನು ಕಂಡು, "ಡಾಕ್ಟರು ಏನೋ ದೊಡ್ಡದು ಯೋಚಿಸ್ತಿದ್ದಾರೆ, ಈಗ ಮಾತಾಡಿಸಬೇಡಿ" ಅನ್ನುತ್ತಿದ್ದರು. ದೊಡ್ಡದೇನಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ ಅವರ ಅಕ್ಕನ ಕೊಟ್ಟಿಗೆಗೆ ಹೋಗಿರುತ್ತಿದ್ದರು, ಅಷ್ಟೆ.

ಅವರು ತೀರಿಕೊಂಡಾಗ ಇಲಾಖೆಯವರು ಸಭೆ ಮಾಡಿದರು. ಫೋಟೋ ಇಟ್ಟು, ಎಲ್ಲೆಲ್ಲಿ ಹಸುಗಳ ರಕ್ತ ಪರೀಕ್ಷೆ ಮಾಡಿಸಿದರು, ಎಲ್ಲೆಲ್ಲಿ ರೋಗ ನಿಂತಿತು ಅಂತ ಓದಿ ಹೇಳಿದರು. ನಾನು ಮುಂದಿನ ಸಾಲಿನಲ್ಲಿ ಕೂತು ಕೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕನ ಹಸುಗಳ ಮಾತು ಮಾತ್ರ ಬರಲಿಲ್ಲ. ಅದು ಗೊತ್ತಿದ್ದವರು ಆ ಸಭೆಯಲ್ಲಿ ಇಬ್ಬರೇ. ನಾನೊಬ್ಬಳು, ಹಿಂದೆ ಬಾಗಿಲ ಹತ್ತಿರ ನಿಂತಿದ್ದ ಪ್ರಯೋಗಾಲಯದ ಫ್ರಿಜ್ಜಪ್ಪ ಒಬ್ಬ.

ಇವರು ದನದ ಡಾಕ್ಟರು. ನಮ್ಮ ಮದುವೆಯಾದಾಗ ಜೀಪಿನಲ್ಲಿ ಊರೂರು ತಿರುಗಿ ಸೂಜಿ ಚುಚ್ಚುತ್ತಿದ್ದರು. ಆಮೇಲೆ ಪಟ್ಟಣದ ಸಂಶೋಧನಾಲಯಕ್ಕೆ ಹಾಕಿದರು. ಅಲ್ಲಿ ಹಸು ಇಲ್ಲ, ಎಮ್ಮೆ ಇಲ್ಲ. ಗೋಡೆ ತುಂಬ ನಕ್ಷೆ, ಅದರ ಮೇಲೆ ಬಣ್ಣ ಬಣ್ಣದ ಗುಂಡುಸೂಜಿ. ನಾನು ಊಟದ ಡಬ್ಬಿ ಕೊಡಲು ಹೋದವಳು ಅದನ್ನು ನೋಡಿ ಕೇಳಿದೆ:

"ಇಲ್ಲಿ ಕೂತು ಯಾವ ರೋಗ ವಾಸಿ ಮಾಡ್ತೀರಿ?"

"ಯಾವುದೂ ಇಲ್ಲ."

"ಮತ್ತೆ ಸಂಬಳ ಯಾತಕ್ಕೆ ಕೊಡ್ತಾರೆ?"

"ಬರದೇ ಇರೋ ರೋಗಕ್ಕೆ" ಅಂದು ನಕ್ಕರು.

ಆಮೇಲೆ ಬಿಡಿಸಿ ಹೇಳಿದರು. ಕಾಯಿಲೆ ಬಿದ್ದ ಹಸುವಿಗೆ ಔಷಧಿ ಕೊಡುವವನು ಒಬ್ಬ. ಆ ಕಾಯಿಲೆ ಯಾರ ಕೊಟ್ಟಿಗೆಯಿಂದ ಹೊರಟಿತು, ಯಾವ ದಾರಿ ಹಿಡಿಯಿತು, ಯಾರ ಮನೆಯ ಕೂಸಿನ ಲೋಟಕ್ಕೆ ಬಂದು ಸೇರುತ್ತದೆ ಅಂತ ಬೆನ್ನು ಹತ್ತಿ ಹೋಗುವವನು ಇನ್ನೊಬ್ಬ. ಇವರು ಆ ಇನ್ನೊಬ್ಬ.

ಇವರ ಪಾಲಿಗೆ ಬಂದದ್ದು ಕಂದು ಹಾಕುವ ರೋಗ. ಹಸು ನೋಡಲು ಚೆನ್ನಾಗಿಯೇ ಇರುತ್ತದೆ, ಮೇಯುತ್ತದೆ, ಮೆಲುಕು ಹಾಕುತ್ತದೆ. ತುಂಬು ಗಬ್ಬದಲ್ಲಿ ಒಂದು ದಿನ ಸತ್ತ ಕರುವನ್ನು ಹಾಕಿಬಿಡುತ್ತದೆ. ಅದನ್ನು ಬರಿಗೈಯಲ್ಲಿ ಎತ್ತಿದವರಿಗೆ, ಅಂಥ ಹಸುವಿನ ಹಸಿಹಾಲು ಕುಡಿದವರಿಗೆ ಜ್ವರ ಹತ್ತುತ್ತದೆ. ಸಂಜೆಗೆ ಏರುತ್ತದೆ, ಬೆಳಗ್ಗೆ ಇಳಿಯುತ್ತದೆ. ಇವತ್ತು ಬಿಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಹಾಜರು. ಸೊಂಟ ಹಿಡಿಯುತ್ತದೆ, ಹಾಸಿಗೆ ತೊಯ್ದು ತೊಪ್ಪೆಯಾಗುವಷ್ಟು ಬೆವರು. "ಇದರಲ್ಲಿ ಸಾಯೋರು ಕಮ್ಮಿ, ನೆಟ್ಟಗೆ ಬದುಕೋರೂ ಕಮ್ಮಿ" ಅನ್ನುತ್ತಿದ್ದರು ಇವರು. ಅದು ಪುಸ್ತಕ ಓದಿ ಹೇಳಿದ ಮಾತಲ್ಲ. ಇವರಿಗೇ ಆ ಜ್ವರ ಇತ್ತು. ಹೇಗೆ ಬಂತು ಅನ್ನುವುದೇ ಈ ಕಥೆ.

ಇವರನ್ನು ಸಾಕಿದ್ದು ಅಕ್ಕ. ನನಗೆ ಅತ್ತಿಗೆಯಾಗಬೇಕು, ನಾನೂ ಅಕ್ಕ ಅಂತಲೇ ಕರೆಯುತ್ತಿದ್ದೆ. ತಾಯಿ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಾಲು ಕರೆದವರು. ಅವರ ಹಸುಗಳ ಹಾಲಿನಲ್ಲೇ ಇವರ ಓದು, ಇವರ ಬಟ್ಟೆ, ಇವರ ಕನ್ನಡಕ. ಅಕ್ಕನ ಮನೆ ಒಂದು ಸಣ್ಣ ಊರಿನ ಅಂಚಿನಲ್ಲಿತ್ತು. ಮುಂದೆ ಎರಡು ಕೋಣೆ, ಹಿಂದೆ ಅಂಗಳ, ಅಂಗಳದಾಚೆ ತಗಡಿನ ಮಾಡಿನ ಉದ್ದನೆಯ ಕೊಟ್ಟಿಗೆ. ಕೊಟ್ಟಿಗೆಯ ನೆಲ ಮನೆಯ ನೆಲಕ್ಕಿಂತ ಚೊಕ್ಕಟ. ಭಾವ, ಅಂದರೆ ಅಕ್ಕನ ಗಂಡ, ಅದನ್ನೇ ಹಂಗಿಸುತ್ತಿದ್ದರು: "ನಾನು ಇನ್ನು ಮೇಲೆ ಅಲ್ಲೇ ಮಲಗ್ತೀನಿ. ಅಲ್ಲಿ ದಿನಾ ನೀರು ಹಾಕಿ ತೊಳೀತಾರೆ."

ಆ ದಿನ ಇವರು ಜೀಪಿನಲ್ಲಿ ಆ ಕಡೆಯೇ ಲಸಿಕೆ ಹಾಕಲು ಹೊರಟಿದ್ದರು. ಅಕ್ಕನನ್ನು ನೋಡಿ ಬಹಳ ದಿನವಾಗಿದೆ ಅಂತ ನನ್ನನ್ನೂ ಹತ್ತಿಸಿಕೊಂಡರು. ಐಸು ತುಂಬಿದ ಫ್ಲಾಸ್ಕು ನನ್ನ ಮಡಿಲಲ್ಲಿ. ಅದರೊಳಗೆ ಬಾಟಲಿ, ಬಾಟಲಿಯಲ್ಲಿ ಪುಡಿ. ಆ ಪುಡಿಗೆ ಒಮ್ಮೆ ನೀರು ಬೆರೆಸಿದರೆ ಮುಗಿಯಿತು, ಅವತ್ತೇ ಖಾಲಿಯಾಗಬೇಕು. ಮಿಕ್ಕರೆ ಕುದಿಸಿ ಚೆಲ್ಲಬೇಕು. ಅದನ್ನು ಹಾಕುವುದು ಹೆಣ್ಣು ಕರುಗಳಿಗೆ ಮಾತ್ರ. ಕೊನೆಗೆ ಅಕ್ಕನ ಮನೆಗೆ ಬಂದಾಗ ಅಲ್ಲಿದ್ದ ಕರುಗಳು ಕೆಲವೇ. ಬಾಟಲಿಯಲ್ಲಿ ಇನ್ನೂ ಬೇಕಾದಷ್ಟಿತ್ತು.

"ಏಳ್ರೇ ಎಲ್ಲಾ, ಡಾಕ್ಟರು ಬಂದಿದ್ದಾರೆ" ಅಂತ ಅಕ್ಕ ಹಸುಗಳಿಗೆ ಹೇಳಿದರು. ಆಮೇಲೆ ತಮ್ಮನ ಕಡೆ ತಿರುಗಿ, "ಏನೋ, ಎಲುಬು ಬಿಟ್ಕೊಂಡಿದ್ದೀಯ? ಇವಳು ಅನ್ನ ಹಾಕಲ್ವಾ?"

ನಾನು, "ಹಾಕ್ತೀನಿ ಅಕ್ಕ, ಅದು ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ" ಅಂದೆ.

ಕರುಗಳಿಗೆ ಚುಚ್ಚಿ ಆದಮೇಲೆ ಇವರು ಒಲೆಯ ಮೇಲೆ ಒಂದು ಪಾತ್ರೆ ನೀರಿಡಲು ಹೇಳಿದರು.

"ಯಾತಕ್ಕೆ?"

"ಮಿಕ್ಕದ್ದನ್ನ ಕುದಿಸಿ ಚೆಲ್ಬೇಕು."

"ಚೆಲ್ತೀಯಾ! ಇಷ್ಟು ದೂರದಿಂದ ಐಸಲ್ಲಿಟ್ಟು ಕೂಸಿನ ಥರ ಹೊತ್ಕೊಂಡು ಬಂದು ಚೆಲ್ತೀಯಾ? ನನ್ನ ದೊಡ್ಡ ಹಸುಗಳು ಏನು ಪಾಪ ಮಾಡಿದಾವೆ?"

"ಇದು ಕರುಗಳಿಗೆ ಮಾತ್ರ ಅಕ್ಕ."

"ದೊಡ್ಡವಕ್ಕೆ ಆ ರೋಗ ಬರಲ್ವಾ?"

"ಬರುತ್ತೆ."

"ಹಾಕಿದ್ರೆ ಸಾಯ್ತಾವಾ?"

"ಸಾಯಲ್ಲ."

"ಹಾಗಿದ್ರೆ ಕೈ ಆಡ್ಸೋ. ಅಕ್ಕನ ಮನೆಗೆ ಬಂದು ಔಷಧಿ ಚೆಲ್ಲಿ ಹೋದ ಅಂತ ಅನ್ನಿಸ್ಕೋಬೇಡ."

ಆಗಿನ ಕಾಲಕ್ಕೆ ಎಲ್ಲ ಲಸಿಕೆ ಡಾಕ್ಟರುಗಳೂ ಇದನ್ನು ಮಾಡುತ್ತಿದ್ದರು. ತುಂಬಿದ ಬಾಟಲಿಯನ್ನು ಚೆಲ್ಲಲು ಯಾರಿಗೂ ಕೈ ಬರುತ್ತಿರಲಿಲ್ಲ. ಪುಸ್ತಕದಲ್ಲಿ ಬೇಡ ಅಂತಿತ್ತು. ಯಾಕೆ ಬೇಡ ಅನ್ನುವುದು ಹೊಲ ಗದ್ದೆ ತಿರುಗುವವರಿಗೆ ತಟ್ಟಿರಲಿಲ್ಲ. ರಕ್ತ ಪರೀಕ್ಷೆ ಮಾಡುವವರು ಆ ಕಡೆ ಯಾರೂ ಇರಲಿಲ್ಲ. ಇವರು ಸಾಲಾಗಿ ದೊಡ್ಡ ಹಸುಗಳಿಗೂ ಚುಚ್ಚುತ್ತ ಹೋದರು. ಎಡಗೈಯಿಂದ ಕತ್ತಿನ ಚರ್ಮವನ್ನು ಚಿವುಟಿ ಎತ್ತಿ, ಬಲಗೈಯಿಂದ ಸೂಜಿ. ಕೊನೆಗೆ ಉಳಿದದ್ದು ಒಂದೇ ಹಸುವಿಗೆ ಆಗುವಷ್ಟು ಔಷಧಿ, ಒಂದೇ ಹಸು.

ಅದು ಬಿಳಿಗಿವಿ. ಮೈಯೆಲ್ಲ ಇಟ್ಟಿಗೆ ಬಣ್ಣ, ಒಂದು ಕಿವಿ ಮಾತ್ರ ಸುಣ್ಣದಲ್ಲಿ ಅದ್ದಿದ ಹಾಗೆ ಬಿಳಿ. ಅಕ್ಕನ ಕಣ್ಣಿನ ಗೊಂಬೆ. ಬೇರೆಯವರು ಮುಟ್ಟಿದರೆ ಅದಕ್ಕೆ ಆಗದು. ಸೂಜಿ ತಾಗುತ್ತಿದ್ದಂತೆ ಕತ್ತು ಒದರಿತು. ಇವರ ಬಲಗೈ ಒತ್ತುತ್ತಲೇ ಇತ್ತು, ಸೂಜಿ ಚರ್ಮದ ಮಡಿಕೆಯ ಆಚೆ ಬಂದು ಎಡಗೈಗೆ ಇಳಿಯಿತು.

"ಅಯ್ಯೋ, ರಕ್ತ!" ಅಂದೆ ನಾನು.

"ಏನಿಲ್ಲ ಬಿಡು" ಅಂತ ಕೈ ಬಾಯಿಗಿಟ್ಟುಕೊಂಡು ಹೀರಿ ಉಗುಳಿದರು. ಸಿರಿಂಜು ಖಾಲಿಯಾಗಿತ್ತು. ಬಿಳಿಗಿವಿಗೆ ಎಷ್ಟು ಹೋಯಿತು, ಇವರಿಗೆ ಎಷ್ಟು ಹೋಯಿತು, ಯಾರಿಗೂ ಗೊತ್ತಿಲ್ಲ.

ಭಾವ ಜಗುಲಿಯಲ್ಲಿ ಕೂತವರು ನಕ್ಕುಬಿಟ್ಟರು. "ಇನ್ನು ನೀನು ಕಂದು ಹಾಕಲ್ಲ ಬಿಡಪ್ಪ."

ನಾವೆಲ್ಲ ನಕ್ಕೆವು. ಆ ಲಸಿಕೆಯಲ್ಲಿರುವುದು ಅದೇ ರೋಗದ ಜೀವಂತ ಹುಳು, ಬಲ ಕುಂದಿಸಿದ್ದು ಅಷ್ಟೆ. ಹಸುವಿಗೆ ಅದು ರಕ್ಷೆ, ಮನುಷ್ಯನಿಗೆ ಅದೇ ರೋಗ. ಕೆಲವೇ ವಾರಗಳಲ್ಲಿ ಇವರಿಗೆ ಜ್ವರ ಏರಿತು. ಆಗ ಹಿಡಿದದ್ದು ಬಿಟ್ಟು ಬಿಟ್ಟು ಕೊನೆಯವರೆಗೂ ಬಂತು. ಸಂಜೆಯಾದರೆ ನಾನು ಇವರ ಹಣೆ ಮುಟ್ಟಿ ನೋಡುವುದು ಬೀಗ ಹಾಕಿದೆಯೇ ಅಂತ ಬಾಗಿಲು ಎಳೆದು ನೋಡಿದಷ್ಟೇ ರೂಢಿಯಾಯಿತು.

ಹಾಗೆ ಬಲವಿಲ್ಲದವರಾದ ಮೇಲೆ ಜೀಪಿನ ಕೆಲಸ ಬಿಡಿಸಿ ಸಂಶೋಧನಾಲಯಕ್ಕೆ ಹಾಕಿದ್ದು. ಅಲ್ಲಿ ರಕ್ತ ಪರೀಕ್ಷೆ ಕಲಿತರು. ಬಿಳಿ ಪಿಂಗಾಣಿ ಹಲಗೆಯ ಮೇಲೆ ರಕ್ತದ ತಿಳಿಯ ಒಂದು ಹನಿ, ಪಕ್ಕದಲ್ಲಿ ಗುಲಾಬಿ ಬಣ್ಣದ ಔಷಧಿಯ ಒಂದು ಹನಿ. ಕಡ್ಡಿಯಿಂದ ಕಲಸಿ ಹಲಗೆಯನ್ನು ತೂಗಬೇಕು. ನಯವಾಗೇ ಉಳಿದರೆ ಹಸು ಚೆನ್ನಾಗಿದೆ. ಹಾಲು ಒಡೆದ ಹಾಗೆ ಕಾಳು ಕಾಳಾದರೆ ರೋಗ. ಅಲ್ಲಿನ ಶೀತಲ ಕೋಣೆಯ ಉಸ್ತುವಾರಿಯವನೇ ಫ್ರಿಜ್ಜಪ್ಪ. ಬೇಸಗೆಯಲ್ಲೂ ಸ್ವೆಟರು ಹಾಕಿಕೊಂಡು ಓಡಾಡುವ ಮನುಷ್ಯ. ಒಂದು ದಿನ ಇವರು ತಮ್ಮದೇ ರಕ್ತ ತೆಗೆಸಿ ಕಲಸಿ ನೋಡಿದರು. ಕಾಳು ಕಾಳು.

"ಸಾರ್, ರೋಗದ ಹಸುವಿಗೆ ಗುರುತಿಗೆ ಹೊಡೆಯೋ ಹಾಗೆ ನಿಮ್ಮ ಕಿವಿಗೂ ತೂತು ಹೊಡೀಬೇಕಲ್ಲ" ಅಂದನಂತೆ ಫ್ರಿಜ್ಜಪ್ಪ.

ಮನೆಗೆ ಬಂದು ಅದನ್ನು ಹೇಳಿ ನಕ್ಕವರು ತಟಕ್ಕನೆ ನಗು ನಿಲ್ಲಿಸಿದರು. ಗಂಟು ಒತ್ತಲು ಶುರುಮಾಡಿದರು. ಕರುವಾಗಿದ್ದಾಗ ಲಸಿಕೆ ಹಾಕಿದರೆ ಬೆಳೆಯುವಷ್ಟರಲ್ಲಿ ರಕ್ತ ಅದನ್ನು ಮರೆಯುತ್ತದೆ, ದೊಡ್ಡ ಹಸುವಿಗೆ ಹಾಕಿದರೆ ಮರೆಯುವುದೇ ಇಲ್ಲ ಅಂತ ಅವತ್ತು ನನಗೆ ಹೇಳಿದರು. ಎಷ್ಟು ವರ್ಷವಾದರೂ ಕಾಳು ಕಾಳಾಗುತ್ತದೆ. ರೋಗ ಬಂದ ಹಸುವೂ ಹಾಗೆಯೇ ತೋರಿಸುತ್ತದೆ, ರೋಗ ಬಾರದಿರಲಿ ಅಂತ ಲಸಿಕೆ ಹಾಕಿಸಿಕೊಂಡ ಹಸುವೂ ಹಾಗೆಯೇ ತೋರಿಸುತ್ತದೆ. ಯಾವುದು ಯಾವುದು ಅಂತ ಹೇಳಲು ಯಾರಿಂದಲೂ ಆಗದು.

"ಹಾಗಾದ್ರೆ ಅಕ್ಕನ ಹಸುಗಳು?"

"ಅವುಗಳ ರಕ್ತ ಯಾರೂ ಕೇಳದೇ ಇರಲಿ ಅಂತ ಬೇಡ್ಕೋ" ಅಂದರು.

ಆದರೆ ರಕ್ತ ಕೇಳುವುದೇ ಇವರ ಕೆಲಸವಾಯಿತು. ಸರ್ಕಾರ ಈ ರೋಗವನ್ನು ಬುಡಸಮೇತ ಕೀಳಬೇಕು ಅಂತ ಹೊರಟಿತು. ಹೇಗೆ ಅಂತ ಬರೆದುಕೊಟ್ಟವರು ಇವರೇ. ಎಲ್ಲಾದರೂ ಒಂದು ಹಸು ಕಂದು ಹಾಕಿದರೆ ಆ ಕೊಟ್ಟಿಗೆಯ ಎಲ್ಲ ಹಸುಗಳ ರಕ್ತ ನೋಡಬೇಕು. ಕಾಳಾದದ್ದರ ಕಿವಿಗೆ ತೂತು ಹೊಡೆದು ಲಾರಿಗೆ ಹತ್ತಿಸಬೇಕು. ಆ ಲಾರಿ ಹತ್ತಿದ ಹಸು ವಾಪಸು ಬರುವುದಿಲ್ಲ.

ಮೊದಮೊದಲು ಹಸುವಿನವರು ಬಂದು ಅಳುತ್ತಿದ್ದರು: "ಇದು ರೋಗ ಅಲ್ಲ ಸಾರ್, ಲಸಿಕೆ." ಇವರು ಕರಗಿ ಕೆಲವರನ್ನು ಬಿಟ್ಟರು. ಹಾಗೆ ಬಿಟ್ಟ ಒಬ್ಬ ದನದ ವ್ಯಾಪಾರಿ, ಲಸಿಕೆ ಅಂತ ಆಣೆ ಮಾಡಿದವನು, ಹಸುಗಳನ್ನು ಬೇರೆ ಬೇರೆ ಊರಿಗೆ ಮಾರಿಬಿಟ್ಟ. ಅಲ್ಲಿ ಕೊಟ್ಟಿಗೆ ಕೊಟ್ಟಿಗೆಯೇ ಕಂದು ಹಾಕಿತು. ಹಾಲು ಕರೆಯುವ ಒಬ್ಬ ಬಸುರಿ ಹೆಣ್ಣುಮಗಳಿಗೆ ಜ್ವರ ಬಂದು ಗರ್ಭ ಇಳಿಯಿತು. ಇವರು ಅವಳನ್ನು ಆಸ್ಪತ್ರೆಯಲ್ಲಿ ನೋಡಿ ಬಂದರು. ಬಂದವರು ಬೂಟು ಬಿಚ್ಚದೆ ಕೂತು ಆ ನಿಯಮಕ್ಕೆ ಒಂದು ಸಾಲು ಸೇರಿಸಿದರು. ಲಸಿಕೆ ಹಾಕಿಸಿದ್ದೆವು ಅನ್ನುವ ಮಾತನ್ನು ಯಾರಿಂದಲೂ ಕೇಳಬಾರದು ಅಂತ. ಬರೆದಾದ ಮೇಲೆ ನನ್ನ ಮುಖ ನೋಡಿದರು. ನಾನೂ ಅವರ ಮುಖ ನೋಡಿದೆ. ಇಬ್ಬರೂ ಅಕ್ಕನ ಹೆಸರು ಎತ್ತಲಿಲ್ಲ.

ಆ ಬೇಸಗೆಯಲ್ಲೇ ಅಕ್ಕನ ಫೋನು ಬಂತು. ಅವರೇ ಮಾಡಿದ್ದು, ಯಾರ ಬಲವಂತವೂ ಇಲ್ಲದೆ.

"ನೋಡೋ, ಬಿಳಿಗಿವಿ ಮಗಳು ಕಂದು ಹಾಕಿದ್ದಾಳೆ. ಮೊದಲ ಗಬ್ಬ, ಪಾಪ. ನಿನ್ನ ಭಾವನಿಗೂ ಸಂಜೆ ಸಂಜೆ ಮೈ ಕಾಯ್ತಿದೆ. ನೀನೇ ಒಂದು ಸಲ ಬಂದು ಹೋಗು."

ಇವರು ಫೋನು ಇಟ್ಟು ಬೆರಳಲ್ಲಿ ವರ್ಷ ಎಣಿಸಿದರು. ಬಿಳಿಗಿವಿಯ ಮಗಳು ಹುಟ್ಟಿದ್ದು ಆ ಲಸಿಕೆಯ ದಿನದ ಎಷ್ಟೋ ಆಮೇಲೆ. ಅದು ಕರುವಾಗಿದ್ದ ವರ್ಷ ಲಸಿಕೆ ಸರಬರಾಜು ನಿಂತಿತ್ತು. ಹಾಗಾಗಿ ಅದಕ್ಕೆ ಬಂದಿರುವುದು ರೋಗವೇ, ಅನುಮಾನ ಇಲ್ಲ. ಅಕ್ಕನ ಕೊಟ್ಟಿಗೆಗೆ ರೋಗ ಹೊಕ್ಕಿತ್ತು. ಉಳಿದವುಗಳಲ್ಲಿ ಯಾವುದಕ್ಕೆ ತಗುಲಿದೆ, ಯಾವುದಕ್ಕೆ ಇಲ್ಲ?

ನಾನೂ ಹೋದೆ. ಅಂಗಳದಲ್ಲಿ ಮೇಜು ಹಾಕಿ, ಪಿಂಗಾಣಿ ಹಲಗೆ ಇಟ್ಟು, ಇವರ ಕೈಕೆಳಗಿನವರು ಪರೀಕ್ಷೆ ಮಾಡಿದರು. ಅಕ್ಕ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಬಣ್ಣ ಚೆನ್ನಾಗಿದೆ ಕಣೋ. ಈ ಬಣ್ಣದ ಬಟ್ಟೆ ಸಿಗುತ್ತಾ?"

ಒಂದೊಂದೇ ಹನಿ ಒಡೆಯಿತು. ಎಲ್ಲ ದೊಡ್ಡ ಹಸುಗಳದ್ದೂ. ಬಿಳಿಗಿವಿಯದ್ದೂ. ಅಕ್ಕನಿಗೆ ಹನಿ ಅರ್ಥವಾಗಲಿಲ್ಲ, ತಮ್ಮನ ಮುಖ ಅರ್ಥವಾಯಿತು.

"ಅದು ನೀನೇ ಹಾಕಿದ ಔಷಧಿ ಅಲ್ವೇನೋ?"

"ಇರಬಹುದು ಅಕ್ಕ."

"ಇರಬಹುದು ಅಂದ್ರೆ? ನೀನೇ ಚುಚ್ಚಿದ್ದು. ಇವಳೂ ಇದ್ದಳು. ನಿನ್ನ ಕೈಗೂ ಚುಚ್ಕೊಂಡೆ. ಹೇಳು, ರೋಗನೋ, ಔಷಧಿನೋ?"

"ಹೇಳೋಕಾಗಲ್ಲ."

"ಇಷ್ಟು ಓದಿದ್ದೀಯ."

"ಆಗಲ್ಲ ಅಕ್ಕ. ಯಾರಿಗೂ ಆಗಲ್ಲ."

ಮರುದಿನ ಇವರು ಆಫೀಸಿಗೆ ಹೋಗಿ ದೊಡ್ಡ ಸಾಹೇಬರ ಮುಂದೆ ನಿಂತರು. ಸಾಹೇಬರು ಒಳ್ಳೆಯವರು, ಇವರನ್ನು ಮಗನ ಹಾಗೆ ನೋಡಿಕೊಂಡವರು. ಹಸುಗಳನ್ನು ಬೇರೆ ಕಟ್ಟಿಸಿ ನೋಡಿಕೊಳ್ಳುತ್ತೇನೆ, ಲಾರಿ ಬೇಡ, ಆ ಲಸಿಕೆ ಹಾಕಿದವನು ನಾನೇ ಅಂತ ಇವರು ಹೇಳಿದರಂತೆ.

"ನೀನು ಹೇಳ್ತಿರೋದು ನಿಜ ಅಂತ ನನಗೆ ಗೊತ್ತಯ್ಯ" ಅಂದರಂತೆ ಸಾಹೇಬರು. "ಆದ್ರೆ ನಾಳೆ ಇನ್ನೊಬ್ಬ ಬಂದು ಇದನ್ನೇ ಹೇಳಿದ್ರೆ ಅವನ ಮುಖಕ್ಕೆ ಏನು ಹೇಳ್ಲಿ? ಆ ಸಾಲು ಬರೆದೋನು ನೀನು. ಯಾಕೆ ಬರೆದೆ ಅಂತ ನಿನಗೇ ಗೊತ್ತು. ನಿನ್ನ ಅಕ್ಕನ ಗಂಡನಿಗೇ ಜ್ವರ ಇದೆ. ನಾನು ತಪ್ಪು ಹೇಳ್ತಿದ್ರೆ ಹೇಳು, ಈಗಲೇ ಲಾರಿ ನಿಲ್ಲಿಸ್ತೀನಿ."

ಸಾಹೇಬರು ತಪ್ಪು ಹೇಳುತ್ತಿರಲಿಲ್ಲ. ಇವರು ಎದ್ದು ಬಂದರು.

ಲಾರಿ ಬಂದ ದಿನ ಅಕ್ಕ ಜಗಳ ಆಡಲಿಲ್ಲ. ಕೂಗಾಡುತ್ತಾರೆ ಅಂತ ನಾನು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಕೊಟ್ಟಿಗೆಯನ್ನು ಅವತ್ತೂ ತೊಳೆದಿದ್ದರು. ಕಿವಿಗೆ ತೂತು ಹೊಡೆಯುವವನು ಬಿಳಿಗಿವಿಯ ಹತ್ತಿರ ಬಂದಾಗ ಮಾತ್ರ ನಡುವೆ ಹೋಗಿ ನಿಂತರು. ತಮ್ಮನ ಎರಡೂ ಕೈ ಹಿಡಿದುಕೊಂಡರು.

"ಎಲ್ಲಾ ತಗೊಂಡು ಹೋಗು, ನಾನು ಒಂದು ಮಾತು ಆಡಲ್ಲ. ಇವಳೊಬ್ಬಳನ್ನ ಬಿಡು. ಇವಳಿಗೇನೂ ಇಲ್ಲ ಕಣೋ. ಇವಳ ಹಾಲನ್ನ ನಿನ್ನ ಭಾವನಿಗೆ ಹಾಗೇ ಕೊಡ್ತೀನಿ, ಕರೆದ ಬಿಸಿಯಲ್ಲೇ. ಒಲೆ ಕಂಡ್ರೆ ಆ ಹಾಲಿನ ರುಚಿ ಹೋಗುತ್ತೆ. ಇಷ್ಟು ವರ್ಷ ಕುಡಿದಿದ್ದಾರೆ."

ಹಾಲು ಕಾಯಿಸಿ ಕುಡಿಯಿರಿ ಅಂತ ಇವರು ಎಷ್ಟು ಸಲ ಹೇಳಿದ್ದರೋ. ಅಕ್ಕ ಪ್ರತಿ ಸಲ "ಆಯ್ತಪ್ಪ ಡಾಕ್ಟ್ರೇ" ಅನ್ನುತ್ತಿದ್ದರು. ಇವರು ಆ ಕೈಗಳನ್ನು ಬಿಡಿಸಿಕೊಂಡರು. ತೂತು ಹೊಡೆಯುವ ಇಕ್ಕಳವನ್ನು ಆ ಮನುಷ್ಯನಿಂದ ತಾವೇ ಇಸಿದುಕೊಂಡರು. ಬೇರೆಯವರು ಮುಟ್ಟಿದರೆ ಬಿಳಿಗಿವಿ ಗಾಬರಿ ಬೀಳುತ್ತದೆ ಅಂತ. ಈ ಸಲ ಅದು ಕತ್ತು ಒದರಲಿಲ್ಲ.

ಆಮೇಲೆ ಅಕ್ಕ ಇವರ ಜೊತೆ ಮಾತು ಬಿಟ್ಟರು. ನನ್ನ ಜೊತೆ ಬಿಡಲಿಲ್ಲ. ಫೋನು ಮಾಡಿ ಮಳೆ, ಬಿಸಿಲು, ಮಂಡಿ ನೋವು ಎಲ್ಲ ಹೇಳಿ, ಇಡುವ ಮುಂಚೆ ಒಂದೇ ಮಾತು: "ಬಿಳಿಗಿವಿದು ಗೊತ್ತಾಯ್ತಾ ಅಂತ ಕೇಳು ನಿನ್ನ ಗಂಡನ್ನ." ನಾನು ಫೋನು ಕೈಯಲ್ಲಿ ಮುಚ್ಚಿಕೊಂಡು ಕೇಳುತ್ತಿದ್ದೆ. ಇವರು ತಲೆ ಅಲ್ಲಾಡಿಸುತ್ತಿದ್ದರು. "ಇನ್ನೂ ಇಲ್ಲ ಅಕ್ಕ" ಅನ್ನುತ್ತಿದ್ದೆ. ಅಕ್ಕನಿಗೆ ಉಳಿದ ಹಸುಗಳ ಚಿಂತೆ ಇರಲಿಲ್ಲ. ಅವಕ್ಕೆ ರೋಗ ಇದ್ದಿರಬಹುದು ಅಂತ ಒಪ್ಪಿಬಿಟ್ಟಿದ್ದರು. ಬಿಳಿಗಿವಿಗೆ ಇರಲಿಲ್ಲ ಅನ್ನುವುದೊಂದೇ ಅವರ ಹಟ. ಅದನ್ನು ತಮ್ಮನ ಬಾಯಿಂದ ಕೇಳಬೇಕು.

ಭಾವನ ಜ್ವರ ಬಿಡಲಿಲ್ಲ. ಮಾತ್ರೆಗೆ ತಗ್ಗುತ್ತಿತ್ತು, ಮತ್ತೆ ಏಳುತ್ತಿತ್ತು. ಕೊನೆಗೆ ಎದೆಯ ಕವಾಟಕ್ಕೆ ಹೋಗಿ ಕೂತಿತು ಅಂದರು. ಆಸ್ಪತ್ರೆಯ ಮಂಚದ ಮೇಲೂ ಅವರು, "ನನಗೂ ಡಾಕ್ಟರಿಗೂ ಒಂದೇ ಸೀಮೆ ಜ್ವರ. ಅವನಿಗೆ ಸರ್ಕಾರಿ ಜ್ವರ, ನನಗೆ ಖಾಸಗಿ" ಅಂತ ನಗಿಸಿದರು. ಅದೇ ವಾರ ಹೋದರು. ಅಕ್ಕನ ಮಗ ಖಾಲಿ ಕೊಟ್ಟಿಗೆಯಲ್ಲಿ ಸ್ಕೂಟರು ರಿಪೇರಿ ಅಂಗಡಿ ಇಟ್ಟ. ಅಕ್ಕ ತೊಳೆದು ತೊಳೆದು ಹೊಳಪು ಬಂದಿದ್ದ ನೆಲದ ಮೇಲೆ ಎಣ್ಣೆಯ ಕಲೆ ಬಿತ್ತು.

ಇವರು ಉಳಿದ ನೌಕರಿಯನ್ನೆಲ್ಲ ಒಂದೇ ವಿಷಯದ ಮೇಲೆ ಸವೆಸಿದರು. ರೋಗದ ರಕ್ತವನ್ನೂ ಲಸಿಕೆಯ ರಕ್ತವನ್ನೂ ಬೇರೆ ಮಾಡುವುದು ಹೇಗೆ? ಮಾಡಿ ನೋಡಿದ್ದೆಲ್ಲ ಅರ್ಧಕ್ಕೆ ಬಂದು ಕೈ ಕೊಡುತ್ತಿತ್ತು. ಹತ್ತು ಸರಿ ಹೇಳಿದರೆ ಹನ್ನೊಂದನೆಯದು ತಪ್ಪು. ಇವರ ಮಾತು ಕಡಿಮೆಯಾಯಿತು, ಗಂಟು ಒತ್ತುವುದು ಹೆಚ್ಚಾಯಿತು. ಹೊರಗಿನವರಿಗೆ ಇವರು ರೋಗ ನಿಲ್ಲಿಸಿದ ಡಾಕ್ಟರು. ಅದು ಸುಳ್ಳಲ್ಲ, ಎಷ್ಟೋ ಊರುಗಳಲ್ಲಿ ನಿಜವಾಗಿಯೂ ನಿಂತಿತ್ತು. ಆ ಊರುಗಳಲ್ಲಿ ಇವರನ್ನು ಯಾರೂ ನೆನೆಯುತ್ತಿರಲಿಲ್ಲ. ಬಾರದ ಜ್ವರಕ್ಕೆ ಯಾರು ಕೈ ಮುಗಿಯುತ್ತಾರೆ?

ಕೊನೆಗೆ ಹೊರದೇಶದಿಂದ ಒಂದು ಹೊಸ ಪರೀಕ್ಷೆ ಬಂತು. ಇವರಿಗೆ ಆಗಲೇ ನಿವೃತ್ತಿಯಾಗಿತ್ತು. ಸಣ್ಣ ಸಣ್ಣ ಕುಳಿಗಳ ಒಂದು ತಟ್ಟೆ. ಲಸಿಕೆಯ ರಕ್ತವಾದರೆ ಕುಳಿಯಲ್ಲಿ ಬಣ್ಣ ಏಳುತ್ತದೆ, ರೋಗದ ರಕ್ತವಾದರೆ ಏಳುವುದಿಲ್ಲ. ಫ್ರಿಜ್ಜಪ್ಪ ಮನೆಗೆ ಫೋನು ಮಾಡಿದ. ಅವನಿಗೂ ತಲೆ ನರೆತಿತ್ತು, ಅದೇ ಸ್ವೆಟರು.

"ಸಾರ್, ನಿಮ್ಮ ಅಕ್ಕನ ಹಸುಗಳು ಇನ್ನೂ ನನ್ನ ಹತ್ರಾನೇ ಇದಾವೆ. ಮೂಲೇಲಿ ತಣ್ಣಗೆ ಮಲಗಿದಾವೆ. ಕರೆಂಟು ಹೋದಾಗೆಲ್ಲ ಮೊದಲು ಅವನ್ನೇ ಐಸಿಗೆ ಹಾಕಿದ್ದೀನಿ."

ಅವತ್ತು ಅಂಗಳದಲ್ಲಿ ತೆಗೆದ ರಕ್ತದ ತಿಳಿ ಅದು, ಬೆರಳುದ್ದದ ಕೊಳವೆಗಳಲ್ಲಿ. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಮಧ್ಯಾಹ್ನ ವಾಪಸು ಬಂದು, ಕುರ್ಚಿಯಲ್ಲಿ ಕೂತು, ನೀರು ಕೇಳಿದರು. ನಾನು ಲೋಟ ಕೊಟ್ಟು ಎದುರಿಗೆ ಕೂತೆ.

"ಎಲ್ಲಾ ಲಸಿಕೆ" ಅಂದರು. "ಅವಕ್ಕೆಲ್ಲ ಏನೂ ಇರಲಿಲ್ಲ. ಆ ಮಿಕ್ಕ ಔಷಧಿ ಅವನ್ನ ಕಾಪಾಡಿತ್ತು. ಪಕ್ಕದಲ್ಲೇ ರೋಗ ಇದ್ರೂ ತಗುಲಿರಲಿಲ್ಲ. ಎರಡು ಮಾತ್ರ ರೋಗ. ಮಗಳು, ತಾಯಿ."

"ಬಿಳಿಗಿವಿಗಾ?"

"ಅವಳಿಗೆ ಹೋಗಬೇಕಾದ್ದು ಇಲ್ಲಿಗೆ ಹೋಯ್ತಲ್ಲ" ಅಂತ ಎಡಗೈ ತೋರಿಸಿದರು.

ಭಾವನ ಲೋಟ ಕಣ್ಣ ಮುಂದೆ ಬಂತು, ನೊರೆ ಹಾಲಿನದು.

"ಅಕ್ಕನಿಗೆ ಹೇಳ್ಬೇಡಿ."

"ಕೇಳ್ತಾಳಲ್ಲ."

"ಗೊತ್ತಾಗಲಿಲ್ಲ ಅನ್ನಿ. ಇಷ್ಟು ವರ್ಷ ಹಾಗೇ ಹೇಳಿಲ್ವಾ?"

"ಆಗ ಅದು ನಿಜ ಇತ್ತು" ಅಂದರು.

ಇಷ್ಟು ಕಾಲ ಹುಡುಕಿದ್ದನ್ನು ಸಿಕ್ಕ ಮೇಲೆ ಬಚ್ಚಿಟ್ಟುಕೊಳ್ಳುವುದು ಅವರ ಕೈಯಲ್ಲಿ ಆಗುವ ಕೆಲಸವಲ್ಲ. ಇಬ್ಬರೂ ಬಸ್ಸು ಹತ್ತಿ ಹೋದೆವು.

ಅಕ್ಕನ ಅಡುಗೆಮನೆಯ ಕಿಟಕಿಯಿಂದ ಕೊಟ್ಟಿಗೆ ಕಾಣುತ್ತದೆ. ಅಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಅಕ್ಕ ಬಾಗಿಲಿಗೆ ಬಂದವರು ತಮ್ಮನನ್ನು ನೋಡಿ, ಏನೂ ಆಗಿಲ್ಲ ಅನ್ನುವ ಹಾಗೆ, "ಬಾರೋ, ಕೂತ್ಕೋ" ಅಂದರು. ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು. ಇವರೇ ಬಂದಿದ್ದಾರೆ ಅಂದಮೇಲೆ ಗೊತ್ತಾಗಿದೆ ಅಂತ ಅವರಿಗೆ ತಿಳಿದುಹೋಯಿತು. ಮುಖ ಹಗುರಾಗಿತ್ತು. ಗೆದ್ದವರ ಮುಖ.

"ಹೇಳು ಈಗ. ಬಿಳಿಗಿವಿಗೆ ಏನೂ ಇರಲಿಲ್ಲ ತಾನೆ?"

ಇವರು ಗಂಟು ಒತ್ತಿದರು.

"ಅವಳಿಗೆ ಇತ್ತು ಅಕ್ಕ. ಅವಳಿಗೂ ಅವಳ ಮಗಳಿಗೂ."

ತಗಡಿನ ಸದ್ದು ನಿಂತು ಮತ್ತೆ ಶುರುವಾಯಿತು.

"ಉಳಿದವಕ್ಕೆ?"

"ಇರಲಿಲ್ಲ."

ಅಕ್ಕ ಒಲೆಯ ಕಟ್ಟೆಗೆ ಒರಗಿ ನಿಂತರು. ಉಳಿದ ಹಸುಗಳ ಬಗ್ಗೆ ಬೈಯುತ್ತಾರೆ, ಬೈಯಲಿ, ಬೈದರೆ ಒಳ್ಳೆಯದು ಅಂತ ನಾನು ಕಾದೆ. ಅವರು ಅವುಗಳ ಮಾತೇ ಎತ್ತಲಿಲ್ಲ.

"ಹಾಲು ನಾನೇ ಕೊಡ್ತಿದ್ದೆ" ಅಂದರು. "ನಿನ್ನ ಭಾವ ಕಾಯಿಸು ಅಂದ್ರೂ ನಾನು ಬಿಡ್ತಿರಲಿಲ್ಲ. ನಾನೇ ಲೋಟ ಬಾಯಿಗಿಡ್ತಿದ್ದೆ."

"ಅದರಿಂದಲೇ ಬಂತು ಅಂತ ಹೇಳೋಕಾಗಲ್ಲ ಅಕ್ಕ. ಮಗಳು ಕಂದು ಹಾಕಿದಾಗ ಆ ಸತ್ತ ಕರುವನ್ನ ಭಾವನೂ ಮುಟ್ಟಿದ್ರಂತೆ. ಅದರಿಂದ ಬಂದಿರಬಹುದು. ಮಾಸಿನ ಕಸದಿಂದ ಬಂದಿರಬಹುದು. ಯಾವುದು ಅಂತ..."

"ಹೇಳೋಕಾಗಲ್ಲ."

"ಆಗಲ್ಲ."

"ಅವತ್ತು ನೀನು ಹೇಳೋಕಾಗಲ್ಲ ಅಂದೆ, ನಾನು ನಿನ್ನ ಮುಖ ನೋಡಬಾರದು ಅಂದ್ಕೊಂಡೆ" ಅಂದರು ಅಕ್ಕ. ಕೋಪದ ದನಿಯಲ್ಲ, ಬಹಳ ಸೋತ ದನಿ. "ಹಾಗೇ ಇದ್ದಿದ್ರೆ ಆಗ್ತಿತ್ತಲ್ಲೋ. ಹಾಗೇ ಇರೋಕೆ ನಿನಗೇನು ಕಷ್ಟ ಇತ್ತು?"

 

ಆಮೇಲೆ ಅಕ್ಕ ನಮಗೆ ಕುಡಿಯಲು ಏನಾದರೂ ಕೊಡಬೇಕು ಅಂತ ಒಲೆಯ ಕಡೆ ತಿರುಗಿದರು. ಹಾಲಿನ ಪ್ಯಾಕೆಟ್ಟು ಕತ್ತರಿಸಿ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟರು. ಕಾರ್ಖಾನೆಯಲ್ಲೇ ಬಿಸಿ ಮಾಡಿ ತಣಿಸಿ ತುಂಬಿದ ಹಾಲು, ಅದನ್ನು ಹಾಗೆಯೇ ಕುಡಿಯಬಹುದು ಅಂತ ಊರಿಗೆಲ್ಲ ಸಾರಿ ಬಂದವರು ಇವರು. ಹಾಲು ಉಕ್ಕಿತು. ಅಕ್ಕ ಉರಿ ತಗ್ಗಿಸಿದರು, ಆರಿಸಲಿಲ್ಲ. ಅದು ಕುದಿಯುತ್ತಲೇ ಇತ್ತು. ಪಾತ್ರೆಯ ಅಂಚಿಗೆ ಕೆನೆ ಕಟ್ಟಿ ಒಣಗಿ ಕಂದಾಯಿತು, ಹಾಲು ಅರ್ಧಕ್ಕೆ ಇಳಿಯಿತು, ತಳ ಹಿಡಿದ ವಾಸನೆ ಬಂತು. ನಾನು ಏಳಲು ಹೋದೆ. ಇವರು ನನ್ನ ಮೊಣಕೈ ಹಿಡಿದು ಕೂರಿಸಿದರು. ಅವರ ಕೈ ಸುಡುತ್ತಿತ್ತು. ಸಂಜೆಯಾಗಿತ್ತು, ಜ್ವರ ಬಂದಿತ್ತು.

ಅಕ್ಕ ಒಲೆಯ ಮುಂದೆ ನಮಗೆ ಬೆನ್ನು ಮಾಡಿ ನಿಂತು ಕೈಯಾಡಿಸುತ್ತಲೇ ಇದ್ದರು.